ಕ್ಲೇಮ್ಸ್ ಡೆಸ್ಕಿಗೆ ಬಂದು ಐದು ತಿಂಗಳಾಯಿತು, ಫೈಲುಗಳು ಕೈ ಮೀರುತ್ತಿವೆ. ನೀವು ದಿನವನ್ನು ಹೇಗೆ ನಡೆಸುತ್ತೀರಿ?

ಉಣಕಲ್ ಕೆರೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಒಂದು ಜನರಲ್ ಇನ್ಶೂರೆನ್ಸ್ ಕಂಪನಿಯ ಮೋಟಾರ್ ಕ್ಲೇಮ್ಸ್ ನೋಡಿಕೊಳ್ಳುತ್ತೇನೆ. ಸೇರಿ ಐದು ತಿಂಗಳು. ಇದಕ್ಕೂ ಮುಂಚೆ ಎರಡು ವರ್ಷ ಶೋರೂಮಿನಲ್ಲಿ ಪಾಲಿಸಿ ಮಾರುತ್ತಿದ್ದೆ, ಹಾಗಾಗಿ ಈ ಕೆಲಸವೂ ಒಂದಿಷ್ಟು ಗೊತ್ತು ಅಂದುಕೊಂಡೇ ಬಂದೆ. ಗೊತ್ತಿರಲಿಲ್ಲ.

ಈಗ ನನ್ನ ಹೆಸರಿನಲ್ಲಿ 130ರ ಹತ್ತಿರ ಫೈಲುಗಳು ತೆರೆದೇ ಇವೆ. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಮೊದಲು ಮೇಲ್, ಅಷ್ಟರಲ್ಲಿ ಗ್ಯಾರೇಜಿನವರ ಫೋನು, ಅದರ ಮಧ್ಯೆ ಹಾನಿ ಅಂದಾಜು ಮಾಡುವ ಸರ್ವೇಯರ್, ಅದು ಮುಗಿಯುವುದರೊಳಗೆ ಕೌಂಟರಿನಲ್ಲಿ ಯಾರೋ ನಿಂತಿರುತ್ತಾರೆ, ಹೀಗೆ ಸಂಜೆ ಆರು ಆಗಿಬಿಡುತ್ತದೆ. ಇಡೀ ದಿನ ಕೆಲಸ ಮಾಡಿರುತ್ತೇನೆ. ಆದರೆ ಯಾವ ಫೈಲು ಎಷ್ಟು ಮುಂದೆ ಹೋಯಿತು ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಕಳೆದ ವಾರ ಒಂದು ಘಟನೆ ನಡೆಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಾಣೆಬೆನ್ನೂರಿನ ಕಡೆಯವರು, ಟಾಟಾ ಏಸ್ ಇಟ್ಟುಕೊಂಡು ತರಕಾರಿ ಸಾಗಿಸುತ್ತಾರೆ, ಮುಂಭಾಗಕ್ಕೆ ಏಟಾಗಿದೆ. ಮೊದಲು ಆರ್‌ಸಿ ಮತ್ತು ಲೈಸೆನ್ಸ್ ಕೇಳಿದೆ. ನಾಲ್ಕು ದಿನ ಬಿಟ್ಟು ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿದೆ. ಆಮೇಲೆ ಪರ್ಮಿಟ್, ಮತ್ತೆ ಲೈಸೆನ್ಸಿನಲ್ಲಿ ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ (ಬಾಡಿಗೆ, ಸರಕು ಗಾಡಿ ಓಡಿಸಲು ಅನುಮತಿಯ ನಮೂದು) ಎಲ್ಲಿ ಅಂತ ಕೇಳಿದೆ. ಅವರು ಬಸ್ ಹತ್ತಿ ಆಫೀಸಿಗೇ ಬಂದರು. ಪ್ಲಾಸ್ಟಿಕ್ ಕವರಿನಿಂದ ಇದ್ದಬದ್ದ ಕಾಗದವನ್ನೆಲ್ಲ ತೆಗೆದು ನನ್ನ ಮೇಜಿನ ಮೇಲೆ ಹರಡಿ, "ಸಾರ್, ನಿಮಗೆ ಬೇಕಾದ್ದನ್ನ ನೀವೇ ಆರಿಸ್ಕೊಳ್ಳಿ, ನನಗೆ ದಿನಾ ಬರೋಕೆ ಆಗಲ್ಲ" ಅಂದರು. ಜಗಳ ಆಡಲಿಲ್ಲ, ಅಷ್ಟೇ ಹೇಳಿದರು. 19 ದಿನದಿಂದ ಅವರ ಗಾಡಿ ಗ್ಯಾರೇಜಿನಲ್ಲಿ ನಿಂತಿದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈ ಕೆಲಸವನ್ನು ಸರಿಯಾಗಿ ಕಲಿಯಬೇಕು ಅಂತ ಇದೆ. ಹಳಬರು ನಿಮ್ಮ ದಿನವನ್ನು ಹೇಗೆ ಶುರು ಮಾಡುತ್ತೀರಿ, ಫೈಲು ಹೇಗೆ ಓದುತ್ತೀರಿ, ಯಾವ ಅಭ್ಯಾಸ ನಿಮ್ಮನ್ನು ಉಳಿಸಿದೆ, ದಯವಿಟ್ಟು ಹೇಳಿ.

ಹಳೇ ಫೈಲು

ನಿದ್ದೆ ಬರಲಿಲ್ಲ ಅಂದರೆ ನೀವು ಈ ಕೆಲಸಕ್ಕೆ ಸರಿಯಾದವರು. ನಾನು ಸರ್ಕಾರಿ ವಿಮಾ ಕಂಪನಿಯಲ್ಲಿ 26 ವರ್ಷ ಕ್ಲೇಮ್ಸ್ ನೋಡಿದವನು. ಬಳ್ಳಾರಿ, ಹಾಸನ, ಕೊನೆಗೆ ಬೆಂಗಳೂರು. ಟ್ಯಾಗ್ ದಾರ ಕಟ್ಟಿದ ಕಾಗದದ ಫೈಲಿನಿಂದ ಶುರು ಮಾಡಿ ಕಂಪ್ಯೂಟರಿನಲ್ಲಿ ಮುಗಿಸಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ರಾಣೆಬೆನ್ನೂರಿನವರ ಫೈಲು. ಟಾಟಾ ಏಸ್ ಅಂದರೆ ಒಟ್ಟು ತೂಕ 3,000 ಕೆಜಿಗಿಂತ ಬಹಳ ಕಡಿಮೆ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ತೆಗೆದು ನೋಡಿ. 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಾಗಿಲ್ಲ. ಇನ್ನು ಲೈಸೆನ್ಸಿಗೆ ಬನ್ನಿ. ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಬಹುದು, ಬೇರೆ ಎಂಡಾರ್ಸ್‌ಮೆಂಟ್ ಬೇಡ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. ಅದರ ಮೇಲೆ ಮತ್ತೆ ಪ್ರಶ್ನೆ ಎದ್ದು, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿ ಹಿಡಿಯಿತು. ಅಂದರೆ ನೀವು ಕೇಳಿದ ಕೊನೆಯ ಎರಡೂ ಕಾಗದಗಳು ಆ ಫೈಲಿಗೆ ಬೇಕೇ ಇರಲಿಲ್ಲ. ಅವರು ಬಸ್ ಹತ್ತಿ ಬಂದದ್ದು ಸುಮ್ನೆ.

ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಹಿಂದಿನವರು ಕೇಳುತ್ತಿದ್ದರು, ಆದ್ದರಿಂದ ನೀವೂ ಕೇಳಿದಿರಿ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಆಮೇಲೆ ಒಬ್ಬ ಮೇಲಧಿಕಾರಿ ಒಂದು ಪಾಠ ಕಲಿಸಿದರು, ನನಗೆ ಗೊತ್ತಿರುವ ಅಭ್ಯಾಸಗಳಲ್ಲಿ ಅದೇ ದೊಡ್ಡದು. ಒಂದು ಕಾಗದ ಕೇಳುವ ಮುಂಚೆ, ಅದು ಯಾಕೆ ಬೇಕು ಅಂತ ಫೈಲ್ ನೋಟಿನಲ್ಲಿ ಒಂದು ಸಾಲು ಬರೆಯಬೇಕು. "ಫಿಟ್‌ನೆಸ್: ಅಪಘಾತದ ದಿನ ಚಾಲ್ತಿಯಲ್ಲಿತ್ತೇ ಎಂದು ನೋಡಲು." ಇದು ಬರೆಯಲು ಬಂತು, ಕೇಳಿ. "ಪರ್ಮಿಟ್:" ಅಂತ ಬರೆದು ಪೆನ್ನು ನಿಂತುಬಿಟ್ಟರೆ, ಕೇಳಬೇಡಿ, ಎದ್ದು ಹೋಗಿ ಯಾರನ್ನಾದರೂ ವಿಚಾರಿಸಿ. ಇಷ್ಟು ಮಾಡಿದರೆ ನಿಮ್ಮ ಅರ್ಧ ಕ್ವೆರಿಗಳು, ಅಂದರೆ ಗ್ರಾಹಕರಿಗೆ ಹಾಕುವ ಪ್ರಶ್ನೆಗಳು, ಹುಟ್ಟುವುದೇ ಇಲ್ಲ.

ಬೇಕಾದ ಕಾಗದವನ್ನೆಲ್ಲ ಒಂದೇ ಪತ್ರದಲ್ಲಿ ಕೇಳಬೇಕು. ಅದಕ್ಕೆ ಫೈಲನ್ನು ಮೊದಲ ದಿನವೇ ಪೂರ್ತಿ ಓದಿರಬೇಕು ಅಲ್ವಾ? ಹೆಚ್ಚಿನವರು ಗ್ಯಾರೇಜಿನ ರಿಪೇರಿ ಎಸ್ಟಿಮೇಟ್‌ನಿಂದ ಓದಲು ಶುರು ಮಾಡುತ್ತಾರೆ, ಯಾಕೆಂದರೆ ದುಡ್ಡು ಅಲ್ಲಿದೆ. ನೀವು ಪಾಲಿಸಿಯಿಂದ ಶುರು ಮಾಡಿ. ಅಪಘಾತದ ದಿನ ಪಾಲಿಸಿ ಇತ್ತೇ, ಮಧ್ಯೆ ಬ್ರೇಕ್ ಆಗಿತ್ತೇ, ಮಾಲೀಕರ ಹೆಸರು ಆರ್‌ಸಿಯಲ್ಲಿರುವುದೇ ಇಲ್ಲಿದೆಯೇ, ನೋ ಕ್ಲೇಮ್ ಬೋನಸ್ (ಹಿಂದೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂ ರಿಯಾಯಿತಿ) ತೆಗೆದುಕೊಂಡಿದ್ದರೆ ಹಳೆಯ ಕಂಪನಿಯಿಂದ ಖಾತ್ರಿಯಾಗಿದೆಯೇ, ಸಾಲ ಇದೆಯೇ. ಆಮೇಲೆ ಕ್ಲೇಮ್ ಫಾರಂ, ಅಪಘಾತ ಹೇಗಾಯಿತು ಅಂತ ಅವರದೇ ಮಾತಿನಲ್ಲಿ ಬರೆದದ್ದು. ಆಮೇಲೆ ಫೋಟೋ. ಎಸ್ಟಿಮೇಟ್ ಕೊನೆಗೆ. ಹೀಗೆ ಓದಿದರೆ ಏಟು ಬಿದ್ದ ಜಾಗಕ್ಕೂ ಎಸ್ಟಿಮೇಟಿನ ಬಿಡಿಭಾಗಕ್ಕೂ ಹೊಂದದಿದ್ದರೆ ಕಣ್ಣಿಗೆ ತಾನಾಗಿ ಬೀಳುತ್ತದೆ. ಒಂದು ಸಣ್ಣ ಫೈಲಿಗೆ ಹನ್ನೆರಡು ಹದಿನೈದು ನಿಮಿಷ ಸಾಕು.

ಇನ್ನು ನೋಟ್ ಬರೆಯುವುದು. ಫೋನ್ ಇಟ್ಟ ಕೂಡಲೇ ಬರೆಯಬೇಕು, ಸಂಜೆ ಬರೆಯುತ್ತೇನೆ ಅಂದರೆ ಆಗದು. 2009ರ ಆಸುಪಾಸಿನ ಮಾತು. ಒಬ್ಬರ ಲಾರಿ ಕಳವಾಗಿತ್ತು. ಎರಡನೇ ದಿನವೇ ಆಫೀಸಿಗೆ ಫೋನ್ ಮಾಡಿ ಹೇಳಿದ್ದರು. ಫೋನ್ ತೆಗೆದವನು ನಾನು. ಠಾಣೆಗೆ ಹೋಗಿ ದೂರು ಕೊಡಿ, ಆಮೇಲೆ ಬನ್ನಿ ಅಂದೆ. ಬರೆದಿಡಲಿಲ್ಲ. ಅವರು ಬರವಣಿಗೆಯಲ್ಲಿ ತಿಳಿಸಿದ್ದು ಮೂರು ವಾರ ಕಳೆದ ಮೇಲೆ, ತಡವಾಗಿ ತಿಳಿಸಿದ್ದಾರೆ ಅಂತ ಕ್ಲೇಮ್ ತಿರಸ್ಕಾರವಾಯಿತು. ಅವರು ಗ್ರಾಹಕರ ವೇದಿಕೆಗೆ ಹೋದಾಗ ಅರ್ಜಿಯಲ್ಲಿ ನನ್ನ ಹೆಸರು, ಫೋನ್ ಮಾಡಿದ ಹೊತ್ತು ಎರಡೂ ಇದ್ದವು. ಓದಿದ ತಕ್ಷಣ ನೆನಪಾಯಿತು, ಹೌದು, ಮಾತಾಡಿದ್ದೆ. ನಾವು ಸೋತೆವು, ಸೋಲಲೇಬೇಕಿತ್ತು. ಆದರೆ ಆ ಮನುಷ್ಯ ಎರಡೂವರೆ ವರ್ಷ ಲಾರಿ ಇಲ್ಲದೆ, ದುಡ್ಡೂ ಇಲ್ಲದೆ ಕಳೆದಿದ್ದ. ಬರೀ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕಬೇಡಿ ಅಂತ 2011ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎ (ಈಗಿನ ಐಆರ್‌ಡಿಎಐ) ಸುತ್ತೋಲೆ ಬಂತು. ಅದನ್ನು ಓದುವಾಗ ನನಗೆ ಆ ಲಾರಿಯವರೇ ಕಣ್ಮುಂದೆ ಬಂದರು.

ಆದ್ದರಿಂದ ಪ್ರತಿ ನೋಟಿನಲ್ಲಿ ಮೂರು ಸಂಗತಿ ಇರಲಿ: ಯಾರು ಏನು ಹೇಳಿದರು, ಮುಂದಿನ ಹೆಜ್ಜೆ ಯಾರದು, ಯಾವ ತಾರೀಖಿನೊಳಗೆ. ನೀವು ರಜೆಯಲ್ಲಿದ್ದಾಗ ಪಕ್ಕದವರು ಫೈಲು ತೆರೆದರೆ ನಿಮಗೆ ಫೋನ್ ಮಾಡದೆ ಗ್ರಾಹಕರಿಗೆ ಉತ್ತರ ಕೊಡುವಂತಿರಬೇಕು. ರಿಸರ್ವ್ (ಆ ಕ್ಲೇಮಿಗೆ ಕಂಪನಿ ಎತ್ತಿಡುವ ಮೊತ್ತ) ಕೂಡ ಹಾಗೇ, ಎಸ್ಟಿಮೇಟ್ ಬಂದ ದಿನವೇ ಬದಲಾಯಿಸಿ.

ಬೆಳಗಿನ ಮೊದಲ ಒಂದು ಗಂಟೆ ಮೇಲ್ ತೆರೆಯಬೇಡಿ. ಇವತ್ತಿನ ತಾರೀಖು ಹಾಕಿಟ್ಟ ಫೈಲುಗಳನ್ನು ಮೊದಲು ಮುಟ್ಟಿ.

ರಿಂಗ್ ರೋಡ್

ಹಳೇ ಫೈಲು ಸಾರ್, ನೀವು ಹೇಳಿದ್ದೆಲ್ಲ ಸರಿ, ಆದರೆ ಈಗಿನ ಪರಿಸ್ಥಿತಿ ಬೇರೆ. ನಾನು ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿದ್ದೇನೆ, ದಿನಕ್ಕೆ 18-20 ಹೊಸ ಫೈಲು ಬರುತ್ತವೆ. ಒಂದಕ್ಕೆ ಹದಿನೈದು ನಿಮಿಷ ಅಂದರೆ ಓದುವುದರಲ್ಲೇ ಐದು ಗಂಟೆ. ಸಿಸ್ಟಮ್ಮಿನಲ್ಲಿ ಗಡಿಯಾರ ಓಡುತ್ತಿರುತ್ತದೆ, ಒಂದು ಕ್ವೆರಿ ಹಾಕಿದರೆ ಮಾತ್ರ ಅದು ನಿಲ್ಲುತ್ತದೆ. ಎಲ್ಲರೂ ಯಾಕೆ ಕ್ವೆರಿ ಹಾಕುತ್ತಾರೆ ಅಂತ ಈಗ ಅರ್ಥವಾಯಿತಲ್ಲ. ಇದು ತಪ್ಪು ಅಂತ ನನಗೂ ಗೊತ್ತು. ದಾರಿ ಏನು ಹೇಳಿ.

ಹಳೇ ಫೈಲು

ಗಡಿಯಾರ ನಿಲ್ಲಿಸಲು ಕ್ವೆರಿ ಹಾಕಿದರೆ ಫೈಲು ನಿಮ್ಮ ಪಟ್ಟಿಯಿಂದ ಇಳಿಯುತ್ತದೆ, ಗ್ರಾಹಕರ ತಲೆ ಮೇಲೆ ಕೂರುತ್ತದೆ. ಮೂರು ದಿನ ಬಿಟ್ಟು ಅದು ವಾಪಸ್ ನಿಮ್ಮ ಹತ್ತಿರವೇ ಬರುತ್ತದೆ, ಜೊತೆಗೆ ಎರಡು ಫೋನು, ಒಂದು ದೂರು. ಒಂದೇ ಫೈಲನ್ನು ನಾಲ್ಕು ಸಲ ಅರ್ಧ ಓದುವುದಕ್ಕಿಂತ ಒಂದು ಸಲ ಪೂರ್ತಿ ಓದುವುದು ಕಡಿಮೆ ಹೊತ್ತು ಹಿಡಿಯುತ್ತದೆ. ನಂಬಿಕೆ ಬರದಿದ್ದರೆ ಒಂದು ವಾರ ಹತ್ತು ಫೈಲಿನ ಮೇಲೆ ಮಾಡಿ ನೋಡಿ, ಎಷ್ಟು ಸಲ ತೆರೆದಿರಿ ಅಂತ ಗೀಟು ಹಾಕಿಕೊಳ್ಳಿ. ದಿನಕ್ಕೆ 20 ಫೈಲು ನಿಜಕ್ಕೂ ಜಾಸ್ತಿ. ಅದನ್ನು ಮ್ಯಾನೇಜರಿಗೆ ಹೇಳಬೇಕಾದದ್ದೇ, ಬಾಯಿಮಾತಿನಲ್ಲಲ್ಲ, ಆ ಗೀಟುಗಳನ್ನೇ ತೋರಿಸಿ.

ಜಯನಗರ 4ನೇ ಬ್ಲಾಕ್

ನಾನು ಟಿಪಿಎಯಲ್ಲಿ (ವಿಮಾ ಕಂಪನಿಗಳ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಆರೋಗ್ಯ ವಿಮೆಯ ಕ್ಲೇಮ್ಸ್ ನೋಡುತ್ತೇನೆ, ಓದಿದ್ದು ಬಿಎಎಂಎಸ್. ಬೆಳಿಗ್ಗೆ ಮೇಲ್ ತೆರೆಯಬೇಡಿ ಅನ್ನುವುದು ನಮ್ಮಲ್ಲಿ ನಡೆಯುವುದಿಲ್ಲ. 2024ರ ಮೇ ತಿಂಗಳ ಐಆರ್‌ಡಿಎಐ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ. ಅಲ್ಲಿ ವಾರ್ಡಿನಲ್ಲಿ ಬಟ್ಟೆ ಮಡಚಿಕೊಂಡು, ಊರಿಗೆ ಹೋಗಲು ಕಾರು ಕರೆಸಿಕೊಂಡು ಜನ ಕೂತಿರುತ್ತಾರೆ. ಆದರೆ ಬಾಕಿಯ ಮಾತೆಲ್ಲ ನಮಗೂ ಒಪ್ಪುತ್ತದೆ.

ನನ್ನದೊಂದು ಅಭ್ಯಾಸ ಹೇಳುತ್ತೇನೆ. ಡಿಸ್ಚಾರ್ಜ್ ಸಮರಿಯಲ್ಲಿ "ಹಳೆಯ ಕಾಯಿಲೆ" ಅನ್ನುವ ಸಾಲು ಕಂಡ ಕೂಡಲೇ ಕೈ ಕ್ವೆರಿ ಬಟನ್ ಕಡೆ ಹೋಗುತ್ತದೆ. ಹೋಗಬಾರದು. ಮೊದಲು ಅವರ ಮೊದಲ ಪಾಲಿಸಿ ಯಾವತ್ತಿನದು ಅಂತ ನೋಡಬೇಕು, ಬೇರೆ ಕಂಪನಿಯಿಂದ ಪೋರ್ಟ್ ಆಗಿ ಬಂದಿದ್ದರೆ ಆ ವರ್ಷಗಳನ್ನೂ ಸೇರಿಸಿ. ಸತತ 60 ತಿಂಗಳು ಮುಗಿದಿದ್ದರೆ, ಮೋಸ ಸಾಬೀತಾಗದ ಹೊರತು, ಮೊದಲೇ ಹೇಳಿರಲಿಲ್ಲ ಅನ್ನುವ ಕಾರಣಕ್ಕೆ ತಿರಸ್ಕರಿಸಲು ಬರುವುದಿಲ್ಲ. ಮುಂಚೆ ಇದು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಯಿತು. ಆರು ವರ್ಷದ ಪಾಲಿಸಿ ಇರುವವರಿಗೆ "ಬಿಪಿ ಯಾವಾಗಿನಿಂದ ಇದೆ, ಮೊದಲ ಚೀಟಿ ಕಳಿಸಿ" ಅಂತ ಕ್ವೆರಿ ಹಾಕಿದವರನ್ನು ನೋಡಿದ್ದೇನೆ. ಆ ಚೀಟಿ ಬಂದರೂ ಅದರಿಂದ ಏನೂ ಬದಲಾಗುವುದಿಲ್ಲ. ಹಳೇ ಫೈಲು ಅವರು ಹೇಳಿದ "ಯಾಕೆ ಬೇಕು" ಸಾಲು ಬರೆಯಲು ಹೋಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು, ಅನುಮಾನ ಬಂದಾಗ ಅದನ್ನು ಹಾಗೇ ಬರೆಯಬೇಡಿ. "ಕೇಸ್ ಅನುಮಾನಾಸ್ಪದ" ಅಂತ ನೋಟ್ ಹಾಕಿದರೆ ಮುಂದೆ ಫೈಲು ಮುಟ್ಟುವ ಪ್ರತಿಯೊಬ್ಬರೂ ಆ ಕಣ್ಣಿನಿಂದಲೇ ನೋಡುತ್ತಾರೆ. "ಅಡ್ಮಿಟ್ ಆದದ್ದು 14ನೇ ತಾರೀಖು, ರಕ್ತ ಪರೀಕ್ಷೆಯ ವರದಿ 12ನೇ ತಾರೀಖಿನದು, ಆಸ್ಪತ್ರೆಯನ್ನು ಕೇಳಬೇಕು" ಅಂತ ಕಂಡದ್ದನ್ನಷ್ಟೇ ಬರೆಯಿರಿ. ನನ್ನ ಒಂದು ಫೈಲಿನಲ್ಲಿ ನಿಜವಾಗಿ ಹೀಗೇ ಆಗಿತ್ತು, ಕೇಳಿದರೆ ಅವರು ಎರಡು ದಿನ ಮುಂಚೆ ಓಪಿಡಿಗೆ ಬಂದು ರಕ್ತ ಕೊಟ್ಟು ಹೋಗಿದ್ದರು. ಅಷ್ಟೇ ಸಂಗತಿ.

ತುಂಗಾ ತೀರ

ಸರ್ವೇಯರ್ ಕಡೆಯಿಂದ ಎರಡು ಮಾತು, ಶಿವಮೊಗ್ಗದಿಂದ.

ಗ್ರಾಹಕರ ಮೊದಲ ಫೋನನ್ನು ನೀವು ಹೇಗೆ ತೆಗೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಇಡೀ ಕ್ಲೇಮ್ ನಿಂತಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಕಡೆ ನೀರು ನುಗ್ಗಿ ಕಾರುಗಳು ಮುಳುಗಿದವಲ್ಲ, ಆಗ ನಾನೂ ಅಲ್ಲಿಗೆ ಕೆಲಸಕ್ಕೆ ಹೋಗಿದ್ದೆ. ನೀರು ಇಳಿದ ಮೇಲೆ "ನೋಡೋಣ" ಅಂತ ಕಾರು ಸ್ಟಾರ್ಟ್ ಮಾಡಿದವರ ಇಂಜಿನ್ ಒಳಗೆ ನೀರು ಸಿಕ್ಕಿ ಕನೆಕ್ಟಿಂಗ್ ರಾಡ್ ಬಾಗಿತ್ತು. ಸಾಮಾನ್ಯ ಪಾಲಿಸಿಯಲ್ಲಿ ಆ ಇಂಜಿನ್ ದುಡ್ಡು ಸಿಗುವುದು ಕಷ್ಟ, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ತೆಗೆದುಕೊಂಡಿರಬೇಕು. ಸ್ಟಾರ್ಟ್ ಮಾಡದೆ ಟೋ ಮಾಡಿಸಿದವರದು ತೊಳೆದು ಒಣಗಿಸಿ, ಆಯಿಲ್ ಬದಲಿಸಿದರೆ ಮುಗಿಯಿತು. ಫೋನ್ ತೆಗೆದವರು ಮೊದಲ ಮಾತಿಗೇ "ಕೀ ತಿರುಗಿಸಬೇಡಿ" ಅಂದಿದ್ದರೆ ಎಷ್ಟೋ ಇಂಜಿನ್ ಉಳಿಯುತ್ತಿದ್ದವು. ಪಾಲಿಸಿ ನಂಬರ್ ಆಮೇಲೆ ಕೇಳಿದರೂ ನಡೆಯುತ್ತದೆ.

ಹಾಗೆಯೇ ಎಷ್ಟು ಸಿಗುವುದಿಲ್ಲ ಅನ್ನುವುದನ್ನೂ ಮೊದಲೇ ಹೇಳಿ. ಝೀರೋ ಡೆಪ್ (ಸವಕಳಿ ಕಡಿತ ಮಾಡದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ಬೆಲೆ ಅವರದೇ ಜೇಬಿನಿಂದ, ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಪ್ರಕಾರ ಕಡಿತ, ಗಾಜಿಗೆ ಕಡಿತ ಇಲ್ಲ. ಸರಕು ಗಾಡಿಯಾದರೆ ಐಎಂಟಿ 23 ಅನ್ನುವ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದಾರೆಯೇ ನೋಡಿ. ಇಲ್ಲದಿದ್ದರೆ ಲ್ಯಾಂಪು, ಬಂಪರು, ಮಡ್‌ಗಾರ್ಡು ಇವಕ್ಕೆ ದುಡ್ಡು ಬರುವುದಿಲ್ಲ. ಉಣಕಲ್ ಕೆರೆಯವರೇ, ನಿಮ್ಮ ಟಾಟಾ ಏಸ್‌ಗೆ ಮುಂಭಾಗದಲ್ಲೇ ಏಟು ಅಂದಿರಿ, ಇದನ್ನು ಇವತ್ತೇ ನೋಡಿ. ಗಾಡಿ ಬಿಡಿಸಿಕೊಳ್ಳುವ ದಿನ ಗ್ಯಾರೇಜಿನ ಕೌಂಟರಿನಲ್ಲಿ ಅವರಿಗೆ ಇದು ಮೊದಲ ಸಲ ಗೊತ್ತಾಗಬಾರದು. ಮುಂಚೆ ತಿಳಿದಿದ್ದರೆ ದುಡ್ಡು ಹೊಂದಿಸಿಕೊಂಡು ಬರುತ್ತಾರೆ.

ಮತ್ತು ನಮಗೆ "ರಿಪೋರ್ಟ್ ಎಲ್ಲಿ" ಅಂತ ದಿನಕ್ಕೆ ಮೂರು ಸಲ ಫೋನ್ ಮಾಡುವ ಬದಲು ಮೊದಲ ದಿನವೇ ಪಾಲಿಸಿ, ಕ್ಲೇಮ್ ಫಾರಂ, ಎಸ್ಟಿಮೇಟ್ ಮೂರನ್ನೂ ಒಟ್ಟಿಗೆ ಕಳಿಸಿ. 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದೊಳಗೆ ನಮ್ಮ ರಿಪೋರ್ಟ್, ಅದು ಬಂದ 7 ದಿನದೊಳಗೆ ನಿಮ್ಮ ತೀರ್ಮಾನ ಅಂತ ಈಗ ನಿಯಮವೇ ಇದೆ. ಆ ಹದಿನೈದರಲ್ಲಿ ಆರು ದಿನ ಪಾಲಿಸಿ ಕಾಪಿ ಕಾಯುವುದರಲ್ಲೇ ಹೋದರೆ ನಾವು ಏನು ಮಾಡಬೇಕು?

ಕರಾವಳಿ ಮಳೆ

ನಾನು ಈ ಕ್ಷೇತ್ರದವಳಲ್ಲ, ಹುಡುಕುತ್ತಾ ಇಲ್ಲಿಗೆ ಬಂದೆ. ಕಳೆದ ವರ್ಷ ಅಪ್ಪನ ಆಸ್ಪತ್ರೆ ಬಿಲ್ಲಿನ ಕ್ಲೇಮ್ 52 ದಿನ ನಡೆಯಿತು. ದುಡ್ಡು ತಡವಾದದ್ದು ಕಷ್ಟವೇ, ಆದರೆ ಅದಕ್ಕಿಂತ ಕಷ್ಟ ಆದದ್ದು ಏನಾಗುತ್ತಿದೆ ಅಂತ ಗೊತ್ತಿಲ್ಲದೆ ಇರುವುದು. ಪ್ರತಿ ಸಲ ಫೋನ್ ಮಾಡಿದಾಗ ಹೊಸಬರು ತೆಗೆಯುತ್ತಿದ್ದರು, ಮೊದಲಿನಿಂದ ಕತೆ ಹೇಳಬೇಕು. ಅಪ್ಪನ ಕಾಯಿಲೆಯನ್ನು ನಾನು ಒಂಬತ್ತು ಜನರಿಗೆ ವಿವರಿಸಿದ್ದೇನೆ, ಕೊನೆಕೊನೆಗೆ ಹೇಳುತ್ತಾ ಅಳು ಬರುತ್ತಿತ್ತು. ಕೊನೆಯಲ್ಲಿ ಒಬ್ಬ ಹುಡುಗಿ, "ಮೇಡಂ, ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ನಾನೇ ಫೋನ್ ಮಾಡ್ತೀನಿ, ಏನೂ ಆಗಿಲ್ಲ ಅಂದ್ರೂ ಮಾಡ್ತೀನಿ" ಅಂದಳು. ಎರಡು ಶುಕ್ರವಾರ ಮಾಡಿದಳು. ಮೊದಲನೆಯದರಲ್ಲಿ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ, ಅದನ್ನೇ ಹೇಳಿದಳು. ಅವತ್ತು ನಾನು ಅಪ್ಪನಿಗೆ ನೆಮ್ಮದಿಯಾಗಿ ಊಟ ಬಡಿಸಿದೆ. ನಿಮ್ಮ ಅಭ್ಯಾಸಗಳಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಉಣಕಲ್ ಕೆರೆ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮೊದಲು ಮಾಡಿದ ಕೆಲಸ, ಆ ಟಾಟಾ ಏಸ್ ಫೈಲನ್ನು ಪಾಲಿಸಿಯಿಂದ ಹಿಡಿದು ಪೂರ್ತಿ ಓದಿದೆ. 14 ನಿಮಿಷ ಹಿಡಿಯಿತು. ಆರ್‌ಸಿಯಲ್ಲಿ ಒಟ್ಟು ತೂಕ ಬರೆದೇ ಇದೆ, ಐದು ತಿಂಗಳಿನಲ್ಲಿ ಆ ಕಾಲಂ ನಾನು ಒಮ್ಮೆಯೂ ನೋಡಿರಲಿಲ್ಲ. ಪರ್ಮಿಟ್ ಮತ್ತು ಎಂಡಾರ್ಸ್‌ಮೆಂಟ್ ಎರಡೂ ಕ್ವೆರಿ ತೆಗೆದುಹಾಕಿದೆ, ಯಾಕೆ ತೆಗೆದೆ ಅಂತ ನೋಟ್ ಬರೆದೆ. ಮ್ಯಾನೇಜರ್ ಓದಿ, ಇದೇ ರೀತಿ ಇನ್ನೂ ಎಷ್ಟು ಫೈಲು ನಿಂತಿವೆ ಅಂತ ಕೇಳಿದರು. ಹುಡುಕಿದರೆ ನಮ್ಮ ವಿಭಾಗದಲ್ಲೇ ಹನ್ನೊಂದು ಸಿಕ್ಕವು.

ಐಎಂಟಿ 23 ಅವರ ಪಾಲಿಸಿಯಲ್ಲಿ ಇಲ್ಲ. ಫೋನ್ ಮಾಡಿ ನಾನೇ ಹೇಳಿದೆ, ಬಂಪರ್ ಮತ್ತು ಹೆಡ್‌ಲೈಟಿನ ದುಡ್ಡು ಬರುವುದಿಲ್ಲ, ಗ್ಯಾರೇಜಿನಲ್ಲಿ ಸುಮಾರು ಇಷ್ಟು ಕಟ್ಟಬೇಕಾಗುತ್ತದೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಾಲಿಸಿ ಮಾಡುವಾಗ ಯಾರೂ ಹೇಳಲಿಲ್ಲವಲ್ಲ ಸಾರ್ ಅಂದರು. ಶೋರೂಮಿನಲ್ಲಿ ಕೂತು ನಾನೂ ಯಾರಿಗೂ ಹೇಳಿದ್ದಿಲ್ಲ, ಅದು ನೆನಪಾಯಿತು. ಹಾಗೇ ಕ್ಷಮೆ ಕೇಳಿದೆ, ಬಸ್ಸಿನಲ್ಲಿ ಓಡಾಡಿಸಿದ್ದಕ್ಕೂ ಕೇಳಿದೆ. ರಿಪೇರಿಗೆ ಒಪ್ಪಿಗೆ ನಿನ್ನೆ ಸಂಜೆಯೇ ಹೋಗಿದೆ, ಶುಕ್ರವಾರ ನಾಲ್ಕು ಗಂಟೆಗೆ ಮತ್ತೆ ಫೋನ್ ಮಾಡುತ್ತೇನೆ ಅಂತ ಹೇಳಿದ್ದೇನೆ.

ಹಳೇ ಫೈಲು ಸಾರ್, ಕಳವಿನ ಕ್ಲೇಮಿಗೆ ನೀವು ಏನೇನು ಒಂದೇ ಪತ್ರದಲ್ಲಿ ಕೇಳುತ್ತಿದ್ದಿರಿ? ಎಫ್‌ಐಆರ್, ಎರಡೂ ಕೀ, ಗಾಡಿ ಪತ್ತೆಯಾಗಿಲ್ಲ ಅನ್ನುವ ಪೊಲೀಸರ ಸಿ ರಿಪೋರ್ಟ್, ಆರ್‌ಟಿಒ ಫಾರಂಗಳು, ಇಷ್ಟು ಬರೆದುಕೊಂಡು ಪ್ರತಿಯೊಂದರ ಮುಂದೆ ಯಾಕೆ ಬೇಕು ಅಂತಲೂ ಬರೆಯುತ್ತಿದ್ದೇನೆ. ಎರಡನೇ ಕೀ ಹತ್ತಿರ ಪೆನ್ನು ನಿಂತಿದೆ. ಅವರ ಹತ್ತಿರ ಒಂದೇ ಕೀ ಇದ್ದರೆ ಏನು ಮಾಡುತ್ತಿದ್ದಿರಿ?

ಹಳೇ ಫೈಲು

ಇನ್ನೊಂದು ಎಲ್ಲಿ ಹೋಯಿತು ಅಂತ ಅವರನ್ನೇ ಕೇಳುತ್ತಿದ್ದೆ, ಅವರ ಮಾತಿನಲ್ಲೇ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆ. ಸೆಕೆಂಡ್‌ಹ್ಯಾಂಡ್ ಗಾಡಿಯಾದರೆ ಎಷ್ಟೋ ಸಲ ಮಾರಿದವರು ಒಂದೇ ಕೊಟ್ಟಿರುತ್ತಾರೆ. ಪೂರ್ತಿ ಪಟ್ಟಿ ನಾಳೆ ಬೆಳಿಗ್ಗೆ ಹಾಕುತ್ತೇನೆ, ನನ್ನ ಹಳೇ ಡೈರಿ ಅಟ್ಟದ ಮೇಲಿದೆ.